ಬಾವುಟ ಮಾಡಿದ್ದು ಯಾರು ಟೀಚರ್?

ಪ್ರಶ್ನೆ: ನಾನು ದಾವಣಗೆರೆ ಜಿಲ್ಲೆಯ ಒಂದು ಪ್ರಾಥಮಿಕ ಶಾಲೆಯ ಟೀಚರ್. ಊರಿನವರೊಬ್ಬರು ಆನ್‌ಲೈನ್‌ನಲ್ಲಿ ಪಾಲಿಯೆಸ್ಟರ್ ಬಾವುಟ ತರಿಸಿ ಶಾಲೆಗೆ ಕೊಟ್ಟರು. ಬಿಚ್ಚಿ ಹಿಡಿದಾಗ ಐದನೇ ಕ್ಲಾಸಿನ ಹುಡುಗಿ "ಟೀಚರ್, ಚಕ್ರ ಮೊಟ್ಟೆ ಥರ ಇದೆ" ಅಂದಳು. ನೋಡಿದರೆ ಹಾಗೇ ಇತ್ತು. ಆಮೇಲೆ ಅವಳೇ "ಈ ಬಾವುಟ ಮೊದಲು ಮಾಡಿದ್ದು ಯಾರು?" ಅಂತ ಕೇಳಿದಳು. ಪಿಂಗಳಿ ವೆಂಕಯ್ಯ ಅಂತ ಹೇಳಿದೆ. ಜೊತೆಯ ಟೀಚರೊಬ್ಬರು ಅದು ತಪ್ಪು ಅಂದರು. ಯಾವುದು ಸರಿ? ಕೇಸರಿ ಹಿಂದೂಗಳದ್ದು, ಹಸಿರು ಮುಸ್ಲಿಮರದ್ದು ಅನ್ನುವುದು ನಿಜವೇ? ಆ ಬಾವುಟವನ್ನು ಹಾರಿಸಬಹುದಾ?

ಉತ್ತರ: ಮೊದಲು ಆ ಹುಡುಗಿಗೆ ನನ್ನ ಶಹಬ್ಬಾಸ್ ಹೇಳಿ. ಬಟ್ಟೆ ಪರೀಕ್ಷೆ ಮಾಡುವ ಕೆಲಸದಲ್ಲಿ ಬಹಳ ವರ್ಷ ಇದ್ದವನು ನಾನು. ಬಾವುಟ ಕೈಗೆ ಬಂದರೆ ನಾನು ಮೊದಲು ನೋಡುವುದೂ ಚಕ್ರವನ್ನೇ. ಅದು ದುಂಡಗಿಲ್ಲ ಅಂದರೆ ಬೇರೆ ಎಲ್ಲೋ ಅಳತೆ ತಪ್ಪಿದೆ ಅಂತಲೇ ಲೆಕ್ಕ. ಆ ಮೊಟ್ಟೆ ಚಕ್ರದ ವಿಷಯಕ್ಕೆ ಆಮೇಲೆ ಬರುತ್ತೇನೆ.

ನೀವು ಹೇಳಿದ ಹೆಸರು ತಪ್ಪಲ್ಲ. ಆದರೆ ಅದು ಅರ್ಧ ಉತ್ತರ. ಈಗ ನಾವು ಹಾರಿಸುವ ಬಾವುಟ 1921ರಿಂದ 1947ರವರೆಗೆ, 26 ವರ್ಷ, ಹಲವರ ಕೈ ದಾಟಿ ಬಂದದ್ದು. ಅದಕ್ಕೂ ಮುಂಚೆ 1906ರಲ್ಲಿ ಕಲ್ಕತ್ತೆಯಲ್ಲಿ ಒಂದು, 1907ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಭಿಕಾಜಿ ಕಾಮಾ ಎತ್ತಿ ಹಿಡಿದದ್ದು ಒಂದು, ಹೋಂ ರೂಲ್ ಚಳವಳಿಯದ್ದು ಇನ್ನೊಂದು, ಹೀಗೆ ಬೇರೆ ಬೇರೆ ಬಾವುಟಗಳಿದ್ದವು. ಅವುಗಳಿಗೂ ಈಗಿನದ್ದಕ್ಕೂ ನಂಟು ಕಡಿಮೆ. ನಮ್ಮ ಬಾವುಟದ ನೇರ ವಂಶ ಶುರುವಾಗುವುದು ಬೆಜವಾಡದಲ್ಲಿ, ಅಂದರೆ ಇವತ್ತಿನ ವಿಜಯವಾಡದಲ್ಲಿ.

ಪಿಂಗಳಿ ವೆಂಕಯ್ಯ ಮಚಲಿಪಟ್ಟಣದ ಕಡೆಯವರು. ದೇಶಕ್ಕೊಂದು ಬಾವುಟ ಬೇಕು ಅನ್ನುವುದು ಅವರ ತಲೆಯಿಂದ ಇಳಿಯದ ವಿಷಯವಾಗಿತ್ತು. 1916ರಲ್ಲೇ ಹಲವು ಮಾದರಿಗಳನ್ನು ಬಿಡಿಸಿ ಪುಸ್ತಕ ತಂದಿದ್ದರು. ಕಾಂಗ್ರೆಸ್ ಸಭೆಗಳಿಗೆ ಹೋಗಿ ಸಿಕ್ಕವರಿಗೆಲ್ಲ ತೋರಿಸುತ್ತಿದ್ದರು. ಬಾವುಟದ ನಡುವೆ ಚರಕ ಇರಲಿ ಅಂದವರು ಬೇರೆಯವರು, ಜಲಂಧರದ ಲಾಲಾ ಹಂಸರಾಜ್. ಆ ಮಾತು ಗಾಂಧೀಜಿಗೆ ಹಿಡಿಸಿತು. 1921ರ ಬೆಜವಾಡ ಸಭೆಗೆ ಬಂದಾಗ ಕೆಂಪು, ಹಸಿರು ಬಟ್ಟೆಯ ಮೇಲೆ ಚರಕ ಇರುವ ಬಾವುಟ ಮಾಡಿಕೊಡಿ ಅಂತ ವೆಂಕಯ್ಯನವರನ್ನು ಕೇಳಿದರು. ಮೂರು ಗಂಟೆಯಲ್ಲಿ ಬಾವುಟ ತಯಾರಾಯಿತು!

ಆದರೂ ಸಭೆಯ ಮುಂದೆ ಇಡುವ ಹೊತ್ತಿಗೆ ಸ್ವಲ್ಪ ತಡವಾಗಿತ್ತು. ತಡವಾಗಿದ್ದೇ ಒಳ್ಳೆಯದಾಯಿತು ಅಂತ ಗಾಂಧೀಜಿ ಆಮೇಲೆ 'ಯಂಗ್ ಇಂಡಿಯಾ' ಪತ್ರಿಕೆಯಲ್ಲಿ ಬರೆದರು. ಯಾಕೆ ಗೊತ್ತಾ? ಕೆಂಪು ಹಿಂದೂಗಳಿಗೆ, ಹಸಿರು ಮುಸ್ಲಿಮರಿಗೆ ಅನ್ನುವುದು ಆಗಿನ ಲೆಕ್ಕ. ಮತ್ತೆ ಯೋಚಿಸಿದಾಗ, ಎರಡೇ ಬಣ್ಣ ಇಟ್ಟರೆ ಮಿಕ್ಕ ಧರ್ಮದವರು ಹೊರಗೆ ಉಳಿಯುತ್ತಾರೆ ಅನಿಸಿತು. ಹಾಗಾಗಿ ಬಿಳಿ ಸೇರಿತು. ಬಿಳಿ ಮೇಲೆ, ಹಸಿರು ನಡುವೆ, ಕೆಂಪು ಕೆಳಗೆ, ಮೂರರ ಮೇಲೂ ಹರಡಿದ ದೊಡ್ಡ ಚರಕ.

ಈ ಕ್ರಮಕ್ಕೂ ಅರ್ಥವಿತ್ತು. ಎಣಿಕೆಯಲ್ಲಿ ಕಡಿಮೆ ಇರುವವರ ಬಣ್ಣ ಎಲ್ಲಕ್ಕಿಂತ ಮೇಲೆ, ಜಾಸ್ತಿ ಇರುವವರದ್ದು ಎಲ್ಲಕ್ಕಿಂತ ಕೆಳಗೆ. ಬಲ ಇರುವವನು ಇಲ್ಲದವನಿಗೆ ಆಸರೆಯಾಗಿ ನಿಲ್ಲಬೇಕು ಅನ್ನುವ ಲೆಕ್ಕ. ಬಾವುಟದ ಇತಿಹಾಸದಲ್ಲಿ ನನಗೆ ಬಹಳ ಇಷ್ಟವಾದ ಸಂಗತಿ ಇದು. ಆ ಕ್ರಮ ಹೆಚ್ಚು ದಿನ ಉಳಿಯಲಿಲ್ಲ. ಆದರೆ ಹಾಗೆ ಯೋಚಿಸಿದ್ದರು ಅನ್ನುವುದು ಮಕ್ಕಳಿಗೆ ಗೊತ್ತಿರಬೇಕು.

ಅಂದಮೇಲೆ ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಹೀಗಿದೆ. 1921ರಲ್ಲಿ ಬಣ್ಣಗಳಿಗೆ ಧರ್ಮದ ಅರ್ಥ ಇತ್ತು, ಅದನ್ನು ಮುಚ್ಚಿಡಬೇಕಾಗಿಲ್ಲ. ಆಗಲೂ ಅಲ್ಲಿದ್ದದ್ದು ಕೆಂಪು, ಕೇಸರಿ ಇನ್ನೂ ಬಂದಿರಲಿಲ್ಲ. ಮುಂದೆ ಅದೇ ಅರ್ಥ ತೊಡಕಾಯಿತು. ಸಿಖ್ಖರು ನಮ್ಮ ಬಣ್ಣವೂ ಇರಲಿ, ಇಲ್ಲವೇ ಧರ್ಮದ ಲೆಕ್ಕವನ್ನೇ ಬಿಡಿ ಅಂದರು. ಕೇಳಿದ್ದು ನ್ಯಾಯವೇ ಅಲ್ವಾ? 1931ರಲ್ಲಿ ಕರಾಚಿಯಲ್ಲಿ ಕಾಂಗ್ರೆಸ್ ಏಳು ಜನರ ಸಮಿತಿ ಮಾಡಿತು. ವಲ್ಲಭಭಾಯಿ ಪಟೇಲ್, ನೆಹರು, ಮೌಲಾನಾ ಆಜಾದ್, ಮಾಸ್ಟರ್ ತಾರಾ ಸಿಂಗ್, ಕಾಕಾ ಕಾಲೇಲ್ಕರ್, ಪಟ್ಟಾಭಿ ಸೀತಾರಾಮಯ್ಯ ಅದರಲ್ಲಿದ್ದರು. ಏಳನೆಯವರು ನಮ್ಮ ಹುಬ್ಬಳ್ಳಿಯ ಡಾಕ್ಟರ್ ನಾ. ಸು. ಹರ್ಡೀಕರ್. ಹಿಂದೂಸ್ತಾನಿ ಸೇವಾ ದಳ ಕಟ್ಟಿದವರು. 1923ರ ನಾಗಪುರದ ಧ್ವಜ ಸತ್ಯಾಗ್ರಹಕ್ಕೆ ಹುಬ್ಬಳ್ಳಿಯಿಂದ ಹುಡುಗರನ್ನು ಕಳಿಸಿದ್ದರು. ಈ ಹೆಸರನ್ನು ನಿಮ್ಮ ಮಕ್ಕಳಿಗೆ ಖಂಡಿತ ಹೇಳಿ.

ಆ ಸಮಿತಿ ಏನು ಹೇಳಿತು ಅಂತ ಕೇಳಿದರೆ ಬಹಳ ಜನಕ್ಕೆ ಅಚ್ಚರಿಯಾಗುತ್ತದೆ. ಇಡೀ ಬಾವುಟ ಒಂದೇ ಬಣ್ಣ ಇರಲಿ, ಕೇಸರಿ ಇರಲಿ, ಕಂಬದ ಕಡೆಯ ಮೇಲಿನ ಮೂಲೆಯಲ್ಲಿ ಚರಕ ಇರಲಿ ಅಂದಿತು. ಒಂದೇ ಬಣ್ಣ ಆದರೆ ಹಂಚಿಕೆಯ ಮಾತೇ ಬರುವುದಿಲ್ಲ ಅನ್ನುವುದು ಅವರ ಯೋಚನೆ. ಕಾಂಗ್ರೆಸ್ ಸಮಿತಿ ಒಪ್ಪಲಿಲ್ಲ. ಜನ ಹತ್ತು ವರ್ಷ ಹಿಡಿದು ಓಡಾಡಿದ ಮೂರು ಬಣ್ಣವನ್ನು ಬಿಡಲು ಮನಸ್ಸಾಗಲಿಲ್ಲ. 1931ರ ಆಗಸ್ಟ್‌ನಲ್ಲಿ ಮುಂಬೈಯಲ್ಲಿ ತೀರ್ಮಾನ ಆಯಿತು. ಕೆಂಪಿನ ಜಾಗಕ್ಕೆ ಕೇಸರಿ ಬಂತು, ಅದು ಮೇಲಕ್ಕೆ ಹೋಯಿತು. ಬಿಳಿ ನಡುವೆ, ಹಸಿರು ಕೆಳಗೆ, ಬಿಳಿಯ ಮೇಲೆ ಚರಕ. ಬಣ್ಣಗಳಿಗೆ ಧರ್ಮದ ಅರ್ಥ ಇಲ್ಲ ಅಂತ ಆ ದಿನವೇ ಸ್ಪಷ್ಟವಾಗಿ ಹೇಳಿದರು. ಕೇಸರಿ ಅಂದರೆ ಧೈರ್ಯ ಮತ್ತು ತ್ಯಾಗ, ಬಿಳಿ ಅಂದರೆ ಸತ್ಯ ಮತ್ತು ಶಾಂತಿ, ಹಸಿರು ಅಂದರೆ ನಂಬಿಕೆ ಮತ್ತು ಶೌರ್ಯ.

1947ರಲ್ಲೂ ನೆಹರು ಇದೇ ಮಾತನ್ನು ಮತ್ತೆ ಹೇಳಿದರು. ರಾಧಾಕೃಷ್ಣನ್ ಅವರ ವಿವರಣೆಯಲ್ಲಿ ಹಸಿರು ಅಂದರೆ ನಮಗೂ ಮಣ್ಣಿಗೂ ಇರುವ ನಂಟು. ಹಾಗಾಗಿ ಇವತ್ತು ಕ್ಲಾಸಿನಲ್ಲಿ ಯಾರಾದರೂ ಬಣ್ಣವನ್ನು ಧರ್ಮಕ್ಕೆ ಹಂಚಿದರೆ, ಆ ಲೆಕ್ಕವನ್ನು 1931ರಲ್ಲೇ ಬಿಟ್ಟಾಗಿದೆ ಅಂತ ಧೈರ್ಯವಾಗಿ ಹೇಳಿ.

ಈ ಚರಕದ ಬಾವುಟಕ್ಕಾಗಿಯೇ ನಮ್ಮ ಕಡೆ ಜನ ಪ್ರಾಣ ಕೊಟ್ಟಿದ್ದಾರೆ. ಮೈಸೂರು ಸಂಸ್ಥಾನದಲ್ಲಿ ಅದನ್ನು ಹಾರಿಸಲು ಬಿಡುತ್ತಿರಲಿಲ್ಲ. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಹತ್ತಿರದ ಶಿವಪುರದಲ್ಲಿ ಟಿ. ಸಿದ್ಧಲಿಂಗಯ್ಯ ಹಾರಿಸಿ ಬಂಧನಕ್ಕೊಳಗಾದರು. ಅದೇ ತಿಂಗಳ 25ರಂದು ಗೌರಿಬಿದನೂರಿನ ಹತ್ತಿರದ ವಿದುರಾಶ್ವತ್ಥದಲ್ಲಿ ಜನ ಬಾವುಟ ಏರಿಸಲು ಸೇರಿದಾಗ ಪೊಲೀಸರು ಗುಂಡು ಹಾರಿಸಿದರು. ಸತ್ತವರಲ್ಲಿ ಹೆಚ್ಚಿನವರು ಸುತ್ತಮುತ್ತಲ ಹಳ್ಳಿಯ ಸಾಮಾನ್ಯರು. ಆಮೇಲೆ ಪಟೇಲ್ ಮತ್ತು ಕೃಪಲಾನಿ ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಜೊತೆ ಮಾತಾಡಿದ ಮೇಲೆ, ಸಂಸ್ಥಾನದ ಬಾವುಟದ ಜೊತೆ ಇದನ್ನೂ ಹಾರಿಸಬಹುದು ಅಂತಾಯಿತು. ಇನ್ನು ನಾಲ್ಕು ವರ್ಷಕ್ಕೆ ಶಿಕಾರಿಪುರ ತಾಲ್ಲೂಕಿನ ಈಸೂರಿನವರು ವೀರಭದ್ರೇಶ್ವರ ಗುಡಿಯ ಮೇಲೆ ಇದನ್ನು ಏರಿಸಿದರು. ಈಸೂರು ನಿಮ್ಮ ಪಕ್ಕದ ಜಿಲ್ಲೆಯಲ್ಲೇ ಇದೆ. ಮಕ್ಕಳನ್ನು ಒಂದು ದಿನ ಕರೆದುಕೊಂಡು ಹೋಗಿ.

ಚರಕ ಹೋಗಿ ಚಕ್ರ ಬಂದದ್ದು ಕೊನೆಯ ಹಂತ. 1947ರ ಜೂನ್‌ನಲ್ಲಿ ರಾಜೇಂದ್ರ ಪ್ರಸಾದರ ನೇತೃತ್ವದಲ್ಲಿ ಒಂದು ಸಮಿತಿ ಕೂತಿತು. ಅಂಬೇಡ್ಕರ್, ಆಜಾದ್, ಸರೋಜಿನಿ ನಾಯ್ಡು, ರಾಜಾಜಿ ಎಲ್ಲ ಇದ್ದರು. ಒಂದು ಪಕ್ಷದ ಬಾವುಟ ಇಡೀ ದೇಶದ ಬಾವುಟ ಆಗಬೇಕಾದರೆ ಸ್ವಲ್ಪ ಬದಲಾಗಬೇಕಿತ್ತು. ಜುಲೈ 22ರಂದು ನೆಹರು ಸಂವಿಧಾನ ಸಭೆಯಲ್ಲಿ ನಿರ್ಣಯ ಮಂಡಿಸಿದರು. ಖಾದಿ ರೇಷ್ಮೆಯದ್ದೊಂದು, ಖಾದಿ ಹತ್ತಿಯದ್ದೊಂದು, ಎರಡು ಬಾವುಟ ತಂದು ತೋರಿಸಿದರು. ಚರಕ ಯಾಕೆ ಬದಲಾಯಿತು ಅನ್ನುವುದಕ್ಕೆ ಅವರು ಕೊಟ್ಟ ಒಂದು ಕಾರಣ ಬಹಳ ಪ್ರಾಯೋಗಿಕವಾದದ್ದು.

ಅದನ್ನು ನೀವೇ ಮಾಡಿ ನೋಡಬಹುದು. ತೆಳ್ಳನೆಯ ಬಿಳಿ ಹಾಳೆಯ ಮೇಲೆ ಚರಕ ಬಿಡಿಸಿ. ಎಡಕ್ಕೆ ದೊಡ್ಡ ಗಾಲಿ, ಬಲಕ್ಕೆ ಕದಿರು. ಈಗ ಹಾಳೆಯನ್ನು ತಿರುಗಿಸಿ ಕಿಟಕಿಗೆ ಹಿಡಿಯಿರಿ. ಗಾಲಿ ಬಲಕ್ಕೆ ಬಂತು, ಕದಿರು ಎಡಕ್ಕೆ ಹೋಯಿತು. ಬಾವುಟವನ್ನು ಎರಡೂ ಕಡೆಯಿಂದ ಜನ ನೋಡುತ್ತಾರೆ. ಯಾವ ಕಡೆಯಿಂದ ನೋಡಿದರೂ ಒಂದೇ ಥರ ಕಾಣಬೇಕು. ಬರೀ ಗಾಲಿ ಉಳಿಸಿಕೊಂಡರೆ ಆ ತೊಂದರೆ ಇಲ್ಲ. ಆ ಗಾಲಿಗೆ ಯಾವ ರೂಪ ಕೊಡಬೇಕು ಅಂದಾಗ ಸಾರನಾಥದ ಅಶೋಕ ಸ್ತಂಭದ ಮೇಲಿರುವ 24 ಕಡ್ಡಿಯ ಚಕ್ರ ಸಿಕ್ಕಿತು. ಈ ಹಂತದ ಮಾತು ಬಂದಾಗ ಅಧಿಕಾರಿಯಾಗಿದ್ದ ಬದ್ರುದ್ದೀನ್ ತ್ಯಾಬ್ಜಿ ಮತ್ತು ಅವರ ಹೆಂಡತಿ ಸುರಯ್ಯಾ ಅವರ ಹೆಸರೂ ಕೇಳಿಬರುತ್ತದೆ. ನಿಮ್ಮ ಜೊತೆಯ ಟೀಚರ್ ಬಹುಶಃ ಅದನ್ನೇ ಓದಿರಬೇಕು. ಚರಕ ಹೋದದ್ದು ಗಾಂಧೀಜಿಗೆ ನೋವಾಯಿತು. ಚರಕ ಇಲ್ಲದ ಬಾವುಟಕ್ಕೆ ತಾನು ವಂದಿಸುವುದಿಲ್ಲ ಅನ್ನುವ ಮಟ್ಟಕ್ಕೆ ಆ ಆಗಸ್ಟ್‌ನಲ್ಲಿ ಮಾತಾಡಿದ್ದರು. ಆಗಸ್ಟ್ 14ರ ಮಧ್ಯರಾತ್ರಿ ದೇಶದ ಹೆಂಗಸರ ಪರವಾಗಿ ಹಂಸಾ ಮೆಹ್ತಾ ಹೊಸ ಬಾವುಟವನ್ನು ಸಭೆಗೆ ಒಪ್ಪಿಸಿದರು.

ಈಗ ಹೇಳಿ, ಮಾಡಿದ್ದು ಯಾರು? ವೆಂಕಯ್ಯ ಮೊದಲ ಬಟ್ಟೆ ಕೊಟ್ಟರು. ಹಂಸರಾಜ್ ಗಾಲಿ ಕೊಟ್ಟರು. ಬಿಳಿ ಗಾಂಧೀಜಿಯದ್ದು. ಕೇಸರಿ ಬಂದದ್ದು 1931ರ ಚರ್ಚೆಯಿಂದ, ಅಶೋಕ ಚಕ್ರ 1947ರಲ್ಲಿ. ಕ್ಲಾಸಿನಲ್ಲಿ ಐದು ಮಕ್ಕಳನ್ನು ನಿಲ್ಲಿಸಿ ಒಬ್ಬೊಬ್ಬರಿಗೆ ಒಂದೊಂದು ಭಾಗ ಕೊಟ್ಟು ಹೇಳಿಸಿ. ಚೆನ್ನಾಗಿ ನೆನಪಿರುತ್ತದೆ.

ಆದರೆ "ಮಾಡಿದ್ದು ಯಾರು" ಅನ್ನುವ ಮಾತಿಗೆ ಇನ್ನೊಂದು ಅರ್ಥ ಇದೆ. ನೂತದ್ದು, ನೇಯ್ದದ್ದು, ಹೊಲಿದದ್ದು ಯಾರು? ಅದಕ್ಕೆ ಉತ್ತರ ನಿಮ್ಮಿಂದ ಮೂರು ಗಂಟೆ ಪ್ರಯಾಣದ ದೂರದಲ್ಲಿದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಇದೆ, 1957ರಲ್ಲಿ ಶುರುವಾದದ್ದು. ದೇಶದಲ್ಲಿ ಐಎಸ್‌ಐ ಗುರುತಿನ ಖಾದಿ ಬಾವುಟ ತಯಾರಿಸುವ ಮುಖ್ಯ ಜಾಗ ಅದೇ. ಬಟ್ಟೆ ಬರುವುದು ಧಾರವಾಡದ ಹತ್ತಿರದ ಗರಗ ಮತ್ತು ಬಾಗಲಕೋಟೆ ಕಡೆಯ ತುಳಸಿಗೇರಿಯಂಥ ಊರುಗಳಿಂದ. ನೂಲುವವರು, ನೇಯುವವರು, ಹೊಲಿಯುವವರಲ್ಲಿ ಹೆಂಗಸರೇ ಜಾಸ್ತಿ.

ಬಾವುಟದ ಮೈಗೆ ಬಂಟಿಂಗ್ ಅನ್ನುವ ಖಾದಿ. ಕಂಬದ ಕಡೆ ಹಗ್ಗ ತೂರಿಸುವ ಪಟ್ಟಿಗೆ ಡಕ್ ಅನ್ನುವ ದಪ್ಪ ಖಾದಿ. ಬಂಟಿಂಗ್ ತೆಳ್ಳಗಿರಬೇಕು, ಗಾಳಿಗೆ ಹಾರಬೇಕು. ಹಾಗಂತ ಹರಿಯಬಾರದು. ಹಾಸು, ಹೊಕ್ಕು ಎರಡರ ಎಳೆಗಳನ್ನೂ ಭೂತಗನ್ನಡಿ ಇಟ್ಟು ಎಣಿಸುತ್ತಾರೆ. ಬಟ್ಟೆಯನ್ನು ಮೂರು ಪಾಲು ಮಾಡಿ ಕೇಸರಿ, ಹಸಿರು ಬಣ್ಣ ಹಾಕುತ್ತಾರೆ, ಒಂದು ಪಾಲನ್ನು ಬಿಳಿ ಮಾಡುತ್ತಾರೆ. ಬಿಸಿಲಿಗೆ, ನೀರಿಗೆ, ತಿಕ್ಕಿದರೆ ಬಣ್ಣ ಬಿಡುತ್ತದಾ ಅಂತ ಪರೀಕ್ಷೆ ಆಗುತ್ತದೆ. ಬಿಳಿ ಪಟ್ಟಿಯ ಎರಡೂ ಮುಖಕ್ಕೆ ಚಕ್ರ ಅಚ್ಚು ಹಾಕುವುದು ಎಲ್ಲಕ್ಕಿಂತ ನಾಜೂಕಿನ ಕೆಲಸ. ಈ ಕಡೆಯ ಕಡ್ಡಿಯ ಮೇಲೆ ಆ ಕಡೆಯ ಕಡ್ಡಿ ಸರಿಯಾಗಿ ಕೂರಬೇಕು. ಕೂದಲೆಳೆಯಷ್ಟು ಸರಿದರೂ ಬೆಳಕಿಗೆ ಹಿಡಿದಾಗ ಚಕ್ರ ಎರಡೆರಡಾಗಿ ಕಾಣುತ್ತದೆ. ನಾನು ಹಾಗೆ ಹಿಡಿದು ನೋಡಿದ ಒಳ್ಳೆಯ ಬಾವುಟಗಳಲ್ಲಿ 24 ಗೆರೆ 24 ಆಗಿಯೇ ಕಂಡಿವೆ. ಇದೆಲ್ಲ ಕೈಕೆಲಸ ಅನ್ನುವುದು ನೆನಪಾದಾಗ ಪ್ರತಿ ಸಲವೂ ಮನಸ್ಸು ತುಂಬಿ ಬರುತ್ತದೆ.

ಇಷ್ಟೊಂದು ಕಟ್ಟುನಿಟ್ಟು ಬಂದದ್ದು 1951ರಿಂದ. ಭಾರತದಲ್ಲಿ ಯಾವ ವಸ್ತು ಹೇಗಿರಬೇಕು ಅಂತ ಸಾವಿರಾರು ಮಾನಕಗಳಿವೆ. ಆ ಪಟ್ಟಿಯಲ್ಲಿ ಐಎಸ್ 1, ಅಂದರೆ ಮೊಟ್ಟಮೊದಲ ಮಾನಕ, ರಾಷ್ಟ್ರಧ್ವಜದ್ದು. 1964ರಲ್ಲಿ ಅಳತೆಗಳನ್ನು ಮೆಟ್ರಿಕ್‌ಗೆ ತಂದರು, 1968ರಲ್ಲಿ ಮತ್ತೆ ತಿದ್ದಿದರು. ಒಟ್ಟು ಒಂಬತ್ತು ಸೈಜ್ ಇವೆ. ಎಲ್ಲಕ್ಕಿಂತ ದೊಡ್ಡದು 6300 ಮಿ.ಮೀ. ಉದ್ದ, 4200 ಮಿ.ಮೀ. ಎತ್ತರ. ಚಿಕ್ಕದು ಮೇಜಿನ ಮೇಲಿಡುವ 150ಕ್ಕೆ 100. ಎಲ್ಲದರಲ್ಲೂ ಉದ್ದ ಮೂರು ಪಾಲು, ಎತ್ತರ ಎರಡು ಪಾಲು.

ಚಕ್ರ ಬಿಳಿ ಪಟ್ಟಿಯಷ್ಟೇ ದೊಡ್ಡದು ಅಂತ ಬಹಳ ಮಂದಿ ಅಂದುಕೊಂಡಿದ್ದಾರೆ. ಸರಿಯಾಗಿ ಅಳೆದರೆ ಹಾಗಿಲ್ಲ. 900ಕ್ಕೆ 600ರ ಬಾವುಟ ತೆಗೆದುಕೊಳ್ಳಿ. ಒಂದೊಂದು ಪಟ್ಟಿ 200 ಮಿ.ಮೀ., ಚಕ್ರ 185. ಮೇಲೆ ಕೆಳಗೆ ಏಳೂವರೆ ಮಿ.ಮೀ. ಬಿಳಿ ಉಳಿಯುತ್ತದೆ. ಚಕ್ರ ಕೇಸರಿಗೋ ಹಸಿರಿಗೋ ಅಂಟಿಕೊಂಡಿದ್ದರೆ ಅದು ತಪ್ಪು ಬಾವುಟ. ಕಾರಿನ 225ಕ್ಕೆ 150ರ ಬಾವುಟದಲ್ಲಿ ಪಟ್ಟಿ 50, ಚಕ್ರ 40 ಮಾತ್ರ.

ಈಗ ನಿಮ್ಮ ಮೊಟ್ಟೆ ಚಕ್ರಕ್ಕೆ ಬರೋಣ. ಮೊದಲು ಆ ಬಾವುಟದ ಉದ್ದ, ಎತ್ತರ ಅಳೆಯಿರಿ. 150 ಸೆಂ.ಮೀ. ಮತ್ತು 90 ಸೆಂ.ಮೀ. ಬಂದರೆ ಕಾರಣ ಸಿಕ್ಕಿತು. ಹೊರದೇಶದ ಬಾವುಟ ವ್ಯಾಪಾರದಲ್ಲಿ ಐದು ಅಡಿಗೆ ಮೂರು ಅಡಿ ಅನ್ನುವುದು ಮಾಮೂಲಿ ಸೈಜ್. ಯಾವುದೇ ದೇಶದ್ದಾದರೂ ಅದೇ ಅಳತೆಗೆ ಪ್ರಿಂಟ್ ಹೊಡೆಯುತ್ತಾರೆ. ನಮ್ಮದು 90 ಎತ್ತರಕ್ಕೆ 135 ಉದ್ದ ಇರಬೇಕು. ಆ ಚಿತ್ರವನ್ನು 150ಕ್ಕೆ ಎಳೆದಾಗ ಚಕ್ರವೂ ಅಡ್ಡಕ್ಕೆ ಎಳೆದುಕೊಳ್ಳುತ್ತದೆ. 28 ಸೆಂ.ಮೀ. ಎತ್ತರದ ಚಕ್ರ ಅಗಲದಲ್ಲಿ 31 ಆಗುತ್ತದೆ. ಆ ಮೂರು ಸೆಂ.ಮೀ. ನಿಮ್ಮ ಹುಡುಗಿಯ ಕಣ್ಣಿಗೆ ಬಿದ್ದಿದೆ. ಅಳತೆ ಸರಿ ಇದ್ದೂ ಚಕ್ರ ಮೊಟ್ಟೆಯಾಗಿದ್ದರೆ, ಪ್ರಿಂಟ್ ಮಾಡುವಾಗಲೋ ಹೊಲಿಯುವಾಗಲೋ ಬಟ್ಟೆ ಎಳೆದಿದೆ ಅಂತ ಅರ್ಥ. ಹಿಗ್ಗುವ ಪಾಲಿಯೆಸ್ಟರ್‌ನಲ್ಲಿ ಇದು ಸುಲಭವಾಗಿ ಆಗುತ್ತದೆ.

ಪಾಲಿಯೆಸ್ಟರ್ ಅನ್ನುವುದೇ ತಪ್ಪಾ? ಕಾನೂನಿನ ಪ್ರಕಾರ ಈಗ ತಪ್ಪಲ್ಲ. 2002ರ ಧ್ವಜ ಸಂಹಿತೆ ಕೈಯಲ್ಲಿ ನೂತು ಕೈಯಲ್ಲಿ ನೇಯ್ದದ್ದೇ ಬೇಕು ಅನ್ನುತ್ತಿತ್ತು. 2021ರ ಡಿಸೆಂಬರ್ 30ರ ತಿದ್ದುಪಡಿ ಪಾಲಿಯೆಸ್ಟರ್ ಮತ್ತು ಯಂತ್ರದ ಬಟ್ಟೆಗೆ ಒಪ್ಪಿಗೆ ಕೊಟ್ಟಿತು. 2022ರ ಜುಲೈಯಿಂದ ಮನೆಯ ಮೇಲೆ ಹಗಲು ರಾತ್ರಿ ಹಾರಿಸಲೂ ಅವಕಾಶ ಇದೆ. ಸಾಮಾನ್ಯ ಜನ ಗೌರವದಿಂದ ಬಾವುಟ ಹಾರಿಸುವುದು ಅವರ ಹಕ್ಕು ಅಂತ ಸುಪ್ರೀಂ ಕೋರ್ಟ್ 2004ರಲ್ಲೇ ಹೇಳಿತ್ತು. ಮನೆಮನೆಗೂ ಬಾವುಟ ಬಂದದ್ದು ನನಗೂ ಸಂತೋಷವೇ. ಆದರೆ ಕೈನೂಲಿನ ಕಟ್ಟಳೆ ಸಡಿಲವಾದದ್ದು ನನ್ನ ಮಟ್ಟಿಗೆ ದೊಡ್ಡ ನಷ್ಟ. ಬೆಂಗೇರಿಯವರು ಆಗ ವಿರೋಧ ಮಾಡಿದ್ದು ಸುಮ್ನೆ ಅಲ್ಲ. ಗರಗದ ಮಗ್ಗಕ್ಕೆ ಕೆಲಸ ಕೊಡುತ್ತಿದ್ದದ್ದೇ ಆ ಕಟ್ಟಳೆ. ಶಾಲೆ, ಪಂಚಾಯಿತಿಗಳಾದರೂ ಖಾದಿಯದ್ದನ್ನೇ ಕೊಳ್ಳಬೇಕು ಅನ್ನುವುದು ನನ್ನ ಅಭಿಪ್ರಾಯ. ವರ್ಷಕ್ಕೆ ಒಂದು ಬಾವುಟ, ಅಷ್ಟೇ ತಾನೇ?

ಬಟ್ಟೆ ಯಾವುದಾದರೂ ಅಳತೆಗೆ ವಿನಾಯಿತಿ ಇಲ್ಲ. ಮೂರಕ್ಕೆ ಎರಡು ಇರಲೇಬೇಕು, ಚಕ್ರ ದುಂಡಗೆ ನಡುವೆ ಇರಲೇಬೇಕು. ಹಾಗಾಗಿ ಆ ಬಾವುಟವನ್ನು ಕಂಬಕ್ಕೆ ಏರಿಸಬೇಡಿ. ಹಾಗಂತ ಕಸಕ್ಕೂ ಹಾಕಬೇಡಿ, ಮೇಜು ಒರೆಸಲೂ ಬಳಸಬೇಡಿ. ಕೊಟ್ಟವರಿಗೆ ಬೇಜಾರಾಗದ ಹಾಗೆ ಕಾರಣ ಹೇಳಿ. ಒಳ್ಳೆಯ ಮನಸ್ಸಿನಿಂದಲೇ ತಂದಿದ್ದಾರೆ, ಮೋಸ ಹೋಗಿದ್ದಾರೆ ಅಷ್ಟೇ. ಹಾಳಾದ, ಕೊಳೆಯಾದ ಬಾವುಟವನ್ನು ಜನರ ಕಣ್ಣಿಗೆ ಬೀಳದ ಹಾಗೆ, ಇಡಿಯಾಗಿ, ಗೌರವದಿಂದ ವಿಲೇವಾರಿ ಮಾಡಬೇಕು, ಸುಡುವುದು ಉತ್ತಮ ಅಂತ ಸಂಹಿತೆ ಹೇಳುತ್ತದೆ. ಇದನ್ನೂ ಹಾಗೇ ಗೌರವದಿಂದ ವಿಲೇವಾರಿ ಮಾಡಿ, ಆದರೆ ಸುಡುವುದು ಬೇಡ. ಪಾಲಿಯೆಸ್ಟರ್ ಸುಟ್ಟರೆ ಕರಗಿ ಅಂಟುತ್ತದೆ, ಹೊಗೆಯೂ ಕೆಟ್ಟದ್ದು. ಅದರ ಬದಲು ಮಡಚಿ, ಬಿಳಿ ಬಟ್ಟೆಯಲ್ಲಿ ಸುತ್ತಿ, ಶಾಲೆಯ ತೋಟದಲ್ಲಿ ಆಳವಾಗಿ ಹೂಳಿದರೂ ಗೌರವಕ್ಕೆ ಕುಂದಿಲ್ಲ.

ಹೊಸದನ್ನು ಖಾದಿ ಭಂಡಾರದಲ್ಲಿ ಕೇಳಿ. ಡಕ್ ಪಟ್ಟಿಯ ಮೇಲೆ ಐಎಸ್‌ಐ ಗುರುತು, ಸೈಜ್ ಇದೆಯಾ ನೋಡಿ. ಆಗಸ್ಟ್ ಹತ್ತಿರ ಬಂದರೆ ನೂಕುನುಗ್ಗಲು, ಜೂನ್‌ನಲ್ಲೇ ಹೇಳಿಡಿ. ಬಂದ ದಿನ ಆ ಹುಡುಗಿಯ ಕೈಗೆ ಕೊಡಿ. ಬಿಸಿಲಿಗೆ ಹಿಡಿದು ಅವಳು 24 ಕಡ್ಡಿ ಎಣಿಸಲಿ, ಸ್ಕೇಲ್ ಇಟ್ಟು ಚಕ್ರವನ್ನು ಅಡ್ಡಕ್ಕೂ ಉದ್ದಕ್ಕೂ ಅಳೆಯಲಿ. ಅವಳು ಸರಿ ಇದೆ ಅಂದಮೇಲೆ ಕೇಸರಿ ಮೇಲೆ ಬರುವ ಹಾಗೆ ಹಗ್ಗಕ್ಕೆ ಕಟ್ಟಿ.